ಯಾರ ಲೆಕ್ಕ?

ಪುಣೆಯಲ್ಲಿ ನಮ್ಮ ಮನೆ ಹತ್ತಿರದ ಶಾಲೆಯ ಗಣಿತದ ಟೀಚರ್ ರಜೆಯಲ್ಲಿದ್ದಾಗ, ಕಲಿಕೆಯ ತೊಂದರೆಯಿರುವ ಒಂಬತ್ತನೇ ತರಗತಿಯ ಮಕ್ಕಳಿಗೆ ನಾಲ್ಕು ಶನಿವಾರ ಪಾಠ ಮಾಡಿದೆ. ಒಬ್ಬ ಹುಡುಗನಿಗೆ ಡಿಸ್‌ಕ್ಯಾಲ್ಕುಲಿಯಾ. ಸಮೀಕರಣ ಬಿಡಿಸುವ ಕ್ರಮ ಅವನಿಗೆ ಗೊತ್ತು. ಆದರೆ 36 ಮುಂದಿನ ಸಾಲಿಗೆ ಇಳಿಯುವಾಗ 63 ಆಗಿಬಿಡುತ್ತಿತ್ತು. ಮೂರನೇ ಸಲವೂ ತಪ್ಪಿದಾಗ ನಾನೇ ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಮುಗಿಸಿದೆ. ಅವನು ಏನೂ ಹೇಳಲಿಲ್ಲ. ನಾನು ಬರೆದದ್ದನ್ನೆಲ್ಲ ರಬ್ಬರಿನಿಂದ ಅಳಿಸಿ, ಮೊದಲಿನಿಂದ ಶುರುಮಾಡಿದ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನೂ ಅಂಗವೈಕಲ್ಯವೆಂದು ಗುರುತಿಸುತ್ತದೆ. ಸಿಬಿಎಸ್‌ಇ ಪರೀಕ್ಷೆಯಲ್ಲಿ ಇಂಥ ಮಕ್ಕಳಿಗೆ ಗಂಟೆಗೆ 20 ನಿಮಿಷ ಹೆಚ್ಚು ಸಿಗುತ್ತದೆ. ಉಳಿದವರಿಗೆ ಇದು ಅನ್ಯಾಯವಲ್ಲವೇ ಎಂದು ಒಂದು ಕಾಲಕ್ಕೆ ನಾನೂ ಕೇಳಿದವನೇ. ಆದರೆ ಆ ನಿಮಿಷಗಳು ಯಾರಿಗೂ ಉತ್ತರ ಹೇಳಿಕೊಡುವುದಿಲ್ಲ. ಉತ್ತರದವರೆಗೆ ಮಗು ತಾನೇ ನಡೆದು ಹೋಗಲು ಬಿಡುತ್ತವೆ, ಅಷ್ಟೆ. ಅನ್ಯಾಯ ಮಾಡಿದ್ದು ನಾನು. ಕರುಣೆ ಎಂದುಕೊಂಡದ್ದು ನನ್ನ ಅವಸರವಾಗಿತ್ತು. ಡೆಡ್‌ಲೈನ್ ಹೆಸರಲ್ಲಿ ಆಫೀಸಿನ ಜೂನಿಯರ್‌ಗಳ ಕೋಡನ್ನೂ ಹೀಗೇ ಎಷ್ಟು ಸಲ ಕಿತ್ತುಕೊಂಡಿದ್ದೇನೋ!

ಅಂದು ಬೆಲ್ ಹೊಡೆದಾಗ ಅವನಿಗೆ ಇನ್ನೆರಡು ಸಾಲು ಬಾಕಿಯಿತ್ತು. ಕೈಕಟ್ಟಿಕೊಂಡು ಪಕ್ಕದಲ್ಲೇ ಕೂತೆ.