ಮೂಕಜೀವಿಯ ಸೇವೆ, ರೋಗಿಯ ಕಾಯಕ

ಕಾಯಕವಿಲ್ಲದ ಕಾಯವು ಎಷ್ಟು ಭಾರವೆಂಬುದನ್ನು ರೋಗಿಯೇ ಬಲ್ಲನು. ಪಾರ್ಶ್ವವಾಯುವಿನಿಂದ ಒಂದು ಪಕ್ಕ ಬಿದ್ದುಹೋದ ಯಜಮಾನ, ಕಂಪವಾತದಿಂದ ಕೈ ನಡುಗುವ ತಾಯಿ, ಮರೆವಿನ ರೋಗದಿಂದ ಮಕ್ಕಳ ಹೆಸರನ್ನೂ ಮರೆತ ಅಜ್ಜ: ಇವರಿಗೆ ಮನೆಯವರು ಉಣಿಸುವರು, ಉಡಿಸುವರು. ಆದರೆ ಬರಿದೆ ಪಡೆಯುವುದೇ ತನ್ನ ಪಾಲಾಯಿತೆಂಬ ಕೊರಗನ್ನು ಯಾವ ಗುಳಿಗೆಯೂ ಕಳೆಯಲಾರದು.

ಇಲ್ಲಿ ಮೂಕಪ್ರಾಣಿಯು ನೆರವಾಗಬಲ್ಲುದು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆಗೆ 1944ರಲ್ಲಿ ಪೋಲಿಯೋ ತಗುಲಿ ಮೊಣಕಾಲಿನ ಕೆಳಗೆ ಶಕ್ತಿ ಉಡುಗಿತು. ಕುದುರೆಯನ್ನು ಏರಲೂ ಇಳಿಯಲೂ ಪರರ ನೆರವು ಬೇಕಾಗಿದ್ದ ಆಕೆಯು 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಅಶ್ವಸ್ಪರ್ಧೆಯಲ್ಲಿ ಬೆಳ್ಳಿಯ ಪದಕವನ್ನು ಪಡೆದಳು. ಸ್ವೀಡನ್ ದೇಶದ ವೈದ್ಯರು ಪಾರ್ಶ್ವವಾಯುವಿಗೆ ಒಳಗಾದ 123 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಹನ್ನೆರಡು ವಾರ, ವಾರಕ್ಕೆರಡು ಬಾರಿ ಕುದುರೆ ಸವಾರಿ. ಇನ್ನೊಂದಕ್ಕೆ ತಾಳಸಂಗೀತದ ಅಭ್ಯಾಸ. ಮತ್ತೊಂದಕ್ಕೆ ಎರಡೂ ಇಲ್ಲ. 2017ರಲ್ಲಿ ಪ್ರಕಟವಾದ ಫಲವಿದು: ತಾವು ಚೇತರಿಸಿದೆವೆಂದು ಸವಾರರಲ್ಲಿ ನೂರಕ್ಕೆ 56 ಜನರೂ, ಸಂಗೀತದವರಲ್ಲಿ 38 ಜನರೂ, ಉಳಿದವರಲ್ಲಿ 17 ಜನರೂ ಹೇಳಿದರು. ಕುದುರೆಯ ನಡಿಗೆಯು ಸವಾರನ ಸೊಂಟವನ್ನು ಮನುಷ್ಯನು ನಡೆವ ಲಯದಲ್ಲಿಯೇ ಅಲುಗಿಸುವುದು. ಅದರೊಡನೆ ಸಮತೋಲವನ್ನು ಹಿಡಿಯುತ್ತ ದೇಹವು ಮರೆತ ಪಾಠವನ್ನು ಪುನಃ ಕಲಿಯುವುದು. ಇದು ತಜ್ಞರ ಕಣ್ಣೆದುರಿನಲ್ಲಿಯೇ ನಡೆಯತಕ್ಕ ಚಿಕಿತ್ಸೆ.

ನರಗುಂದದ ಎರೆಸೀಮೆಯ ಒಕ್ಕಲಿಗನ ಮನೆಯಲ್ಲಿ ಇಂಥ ಕುದುರೆಯಿಲ್ಲ. ಆದರೆ ಗೋದಲಿಯಲ್ಲಿ ಆಕಳುಂಟು. ಅದು ರೋಗವನ್ನು ವಾಸಿಮಾಡುವುದೆಂದು ಹೇಳುವುದು ಸಲ್ಲದು. ಆದರೂ ನಡುಗುವ ಕೈ ಒಂದು ಹಿಡಿ ಕಣಿಕೆಯನ್ನು ನೀಡಿದಾಗ, ಸೋತ ಬೆರಳುಗಳು ಸಾಧುವಾದ ಆಕಳ ಮೈಯನ್ನು ಸವರಿದಾಗ, ಪಡೆಯುವವನೇ ಕೊಡುವವನಾಗುವನು. ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಹೇಳಿದಳು. ಕಾಯಕದ ಬೆಲೆ ರಾಶಿಯಲ್ಲಿಲ್ಲ, ಮನದ ಶುದ್ಧಿಯಲ್ಲಿದೆ. ಹಾಗಿರಲು ರೋಗಿಯ ಒಂದು ಹಿಡಿ ಮೇವೂ ಪೂರ್ಣ ಕಾಯಕವೇ.

ಗೃಹಸ್ಥರು ಕೆಲವು ಎಚ್ಚರಗಳನ್ನು ಮರೆಯಬಾರದು. ಮುಖವು ಸೊಟ್ಟಗಾಗಿ, ತೋಳು ಜೋತುಬಿದ್ದು, ಮಾತು ತೊದಲಿದೊಡನೆ ಹರಕೆ ಹೊರುತ್ತ ಕೂಡದೆ ಆಸ್ಪತ್ರೆಗೆ ಧಾವಿಸಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಸಲ್ಲುವುದು. ಹಾಯುವ, ಒದೆಯುವ ದನದ ಬಳಿಗೆ ರೋಗಿಯನ್ನು ಬಿಡಬಾರದು, ನಿಲ್ಲಲಾರದವನನ್ನು ಪಕ್ಕದಲ್ಲಿ ಒಬ್ಬರು ಹಿಡಿದಿರಬೇಕು, ಬಳಿಕ ಕೈತೊಳೆಸಬೇಕು. ಪ್ರಾಣಿಯು ದಣಿದರೆ, ಬೆದರಿದರೆ, ಅದನ್ನೂ ಬಿಡಬೇಕು. ತನ್ನ ಸುಖಕ್ಕಾಗಿ ಮೂಕಜೀವಿಯನ್ನು ಪೀಡಿಸಿದರೆ ಅದು ಚಿಕಿತ್ಸೆಯೂ ಅಲ್ಲ, ಧರ್ಮವೂ ಅಲ್ಲ. ಬಸವಾದಿ ಶರಣರು ಬೋಧಿಸಿದ ದಯೆಗೆ ಮನುಷ್ಯನೊಬ್ಬನೇ ಎಲ್ಲೆಯಲ್ಲ.

ಆದುದರಿಂದ ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಕೇವಲ ಸೇವೆಗೆ ಪಾತ್ರರೆಂದು ತಿಳಿಯದೆ, ಸೇವೆಗೈಯಬಲ್ಲವರೆಂದೂ ಭಾವಿಸಿರಿ. ಸಂಜೆಗೊಮ್ಮೆ ಅವರನ್ನು ಗೋದಲಿಯ ಬಳಿಗೆ ಕರೆತಂದು, ಅವರ ಕೈಗೆ ಮೇವನ್ನಿಡಿರಿ. ದಾಸೋಹದ ಭಾಗ್ಯವು ಅವರಿಗೂ ದೊರೆಯಲಿ.