ತನ್ನೊಡನೆ ತಾನು ಹೂಡುವ ಪಂಥ

ಒಬ್ಬನು ಮತ್ತೊಬ್ಬನೊಡನೆ ಪಂಥ ಹೂಡುವುದು ಲೋಕರೂಢಿ. ಅದರ ಗುಣದೋಷಗಳನ್ನು ಹಿರಿಯರು ಬಹುಕಾಲದಿಂದ ವಿಚಾರಿಸುತ್ತ ಬಂದಿದ್ದಾರೆ. ಆದರೆ ಮನುಷ್ಯನು ತನ್ನೊಡನೆಯೇ ತಾನು ಪಂಥ ಹೂಡಿದರೆ ಅದು ಗುಣವೋ ದೋಷವೋ? ಅಲ್ಲಿ ಗೆದ್ದವನಾರು, ಸೋತವನಾರು? ಈ ಪ್ರಶ್ನೆಯು ಕೇವಲ ತರ್ಕವಿನೋದವಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ದಾರಿಗಳಲ್ಲಿ, ಕಬ್ಬು ಹೇರಿದ ಗಾಡಿಗಳು ಹೊರಡುವ ಮೊದಲೇ, ನಸುಕಿನಲ್ಲಿ ಓಡುವ ತರುಣರು ಕಾಣಸಿಗುತ್ತಾರೆ. ಅವರಲ್ಲಿ ಬಹುಮಂದಿ ಸೈನ್ಯದ ಇಲ್ಲವೆ ಪೋಲೀಸು ಖಾತೆಯ ಭರತಿಗಾಗಿ 1600 ಮೀಟರು ಓಟವನ್ನು ಸಾಧಿಸುವವರು. ಅವರ ಓಟಕ್ಕೆ ಪ್ರಯೋಜನವೂ ಉಂಟು, ಮಿತಿಯೂ ಉಂಟು. ಗೊತ್ತುಪಡಿಸಿದ ಕಾಲದೊಳಗೆ ಗೆರೆ ದಾಟಿದರೆ ತೀರಿತು. ವಿಚಾರಕ್ಕೆ ವಿಷಯನಾದವನು ಅವರ ಜೊತೆಯಲ್ಲಿಯೇ ಓಡುವ ಮತ್ತೊಬ್ಬನು. ಅವನಿಗೆ ಭರತಿಯ ವಯಸ್ಸು ಮೀರಿದೆ. ಓಟದಿಂದ ನೌಕರಿಯಾಗಲಿ ಹಣವಾಗಲಿ ಬರತಕ್ಕದ್ದಿಲ್ಲ. ಆದರೂ ಓಡುತ್ತಾನೆ.

ಇಂಥವನೊಬ್ಬನನ್ನು ಬನಹಟ್ಟಿಯ ನೇಕಾರನೆಂದು ಕಲ್ಪಿಸಿಕೊಳ್ಳಬಹುದು. ಹಗಲೆಲ್ಲ ಮಗ್ಗದ ಸಪ್ಪಳದಲ್ಲಿ ಕಳೆಯುವ ಅವನು ನಸುಕಿನಲ್ಲಿ ಎದ್ದು ಜಮಖಂಡಿಯ ದಾರಿ ಹಿಡಿಯುತ್ತಾನೆ. ಸುತ್ತಿನ ಊರುಗಳಲ್ಲಿ ರಸ್ತೆ ಓಟದ ಪಂದ್ಯ ನಡೆದರೆ ಶುಲ್ಕ ಕೊಟ್ಟು ಹೆಸರು ಬರೆಯಿಸುತ್ತಾನೆ. ಬಹುಮಾನವು ಅವನಿಗೆ ಬಾರದು; ಅವನು ಅದನ್ನು ಬಯಸುವುದೂ ಇಲ್ಲ. ಹತ್ತು ಕಿಲೋಮೀಟರು ದೂರವನ್ನು ಮೊದಲ ವರ್ಷ 52 ನಿಮಿಷಗಳಲ್ಲಿ ಓಡಿದವನು ಮರುವರ್ಷ 48ಕ್ಕೆ, ಆ ಮೇಲೆ 46ಕ್ಕೆ ಇಳಿಸಿದನು. ಈಗ 45ರೊಳಗೆ ಬರಬೇಕೆಂಬುದೊಂದೇ ಹಂಬಲ. ಹೀಗೆ ಒಬ್ಬನು ತಾನು ಅಂದಿನವರೆಗೆ ಸಾಧಿಸಿದ ಅತ್ಯಲ್ಪ ಕಾಲವನ್ನು ಓಟಗಾರರು ‘ಪರ್ಸನಲ್ ಬೆಸ್ಟ್’ ಎನ್ನುತ್ತಾರೆ. ಅದನ್ನು ‘ಸ್ವಶ್ರೇಷ್ಠ’ವೆಂದರೆ ಅರ್ಥಕ್ಕೆ ಬಾಧೆಯಿಲ್ಲ. ಲೋಕದಲ್ಲಿ ಶ್ರೇಷ್ಠನಲ್ಲದವನು ತನ್ನಲ್ಲಿಯೇ ಶ್ರೇಷ್ಠನಾಗಲು ಪಡುವ ಈ ಶ್ರಮವು ಶ್ಲಾಘ್ಯವೋ, ವ್ಯರ್ಥವೋ?

ವ್ಯರ್ಥವೆನ್ನುವವರ ಪೂರ್ವಪಕ್ಷವನ್ನು ಮೊದಲು ಕೇಳಬೇಕು. ಹಿಂದಿನ ಕಾಲದಲ್ಲಿ ಓಟವು ಒಂದು ಕೆಲಸವಾಗಿತ್ತು. ಅಂಚೆಯ ಓಟದಾಳು ಗೆಜ್ಜೆ ಕಟ್ಟಿದ ಕೋಲು ಹಿಡಿದು ಚೀಲ ಹೊತ್ತು ಓಡಿದರೆ, ಒಂದೂರಿನ ಕ್ಷೇಮಸಮಾಚಾರವು ಮತ್ತೊಂದೂರಿಗೆ ಮುಟ್ಟುತ್ತಿತ್ತು. ಮುಧೋಳದ ಬೇಟೆನಾಯಿಯನ್ನೇ ನೋಡಿರಿ. ಅಲ್ಲಿಯ ಅರಸರಾದ ಮಾಲೋಜಿರಾವ ಘೋರ್ಪಡೆಯವರು ಪೋಷಿಸಿದ, 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆಯೂ ಚಿತ್ರಿತವಾದ ಆ ತಳಿಯು ಓಟಕ್ಕೆ ಹೆಸರಾದುದು. ಆದರೆ ಅದು ಮೊಲವನ್ನು ಕಂಡರೆ ಓಡುತ್ತದೆ. ಮೊಲವಿಲ್ಲದಾಗ ನೆರಳಿನಲ್ಲಿ ಮಲಗುತ್ತದೆ. ನಿನ್ನೆಗಿಂತ ಇಂದು ಎಷ್ಟು ಬೇಗ ಓಡಿದೆನೆಂದು ಎಣಿಸುವುದಿಲ್ಲ. ಬೆವರಿಗೂ ಒಂದು ಲೆಕ್ಕವುಂಟು. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ರೈತರು ತಾವೇ ಹಣ ಕೂಡಿಸಿ ತಾವೇ ದುಡಿದು ಕೃಷ್ಣೆಗೆ ಬಾಂದಾರವನ್ನು ಕಟ್ಟಿದರು. ‘ಶ್ರಮಬಿಂದು ಸಾಗರ’ವೆಂಬ ಅದರ ಹೆಸರೇ ಅರ್ಥವತ್ತಾದುದು, ಅಲ್ಲಿ ಬೆವರ ಹನಿಗಳು ನೀರಾಗಿ ಹೊಲಗಳಿಗೆ ಹರಿದವು. ಓಡುವ ನೇಕಾರನ ಬೆವರು ಯಾವ ಹೊಲಕ್ಕೆ ಹರಿಯಿತು? ಅವನು ಹೊರಟಲ್ಲಿಗೇ ಮರಳಿ ಬಂದನು. ಊರು ಇದ್ದಂತೆಯೇ ಇದೆ.

ಈ ಆಕ್ಷೇಪಕ್ಕೆ ತೂಕವುಂಟು. ಆದರೆ ಅದರಲ್ಲಿ ಅತಿಪ್ರಸಂಗವೆಂಬ ದೋಷವೂ ಉಂಟು. ಹೊರಗೆ ಕಾಣುವ ಫಲವಿಲ್ಲದ ಶ್ರಮವೆಲ್ಲ ವ್ಯರ್ಥವಾದರೆ, ಬಾಲಕನು ಅಮರಕೋಶವನ್ನು ಬಾಯಿಪಾಠ ಮಾಡುವುದೂ, ಗಾಯಕನು ಒಂದೇ ಸ್ವರದ ಮೇಲೆ ಗಳಿಗೆಗಟ್ಟಲೆ ನಿಲ್ಲುವುದೂ, ಪೈಲವಾನನು ಗರಡಿಯಲ್ಲಿ ಸಾಮು ಮಾಡುವುದೂ ವ್ಯರ್ಥವೆನ್ನಬೇಕಾದೀತು. ವ್ಯಾಕರಣಕಾರರು ಈ ಭೇದವನ್ನು ಚೆನ್ನಾಗಿ ಅರಿತಿದ್ದರು. ಋತ್ವಿಜನು ಪರರ ಸಲುವಾಗಿ ಯಜಿಸಿದರೆ ‘ಯಜತಿ’ ಎಂದು ಪರಸ್ಮೈಪದ. ಯಜಮಾನನು ತನಗಾಗಿ ಯಜಿಸಿದರೆ ‘ಯಜತೇ’ ಎಂದು ಆತ್ಮನೇಪದ. ಕ್ರಿಯೆ ಒಂದೇ, ಫಲವು ಯಾರನ್ನು ಸೇರುತ್ತದೆಂಬುದರ ಮೇಲೆ ರೂಪವು ಬೇರೆಯಾಗುತ್ತದೆ. ಆತ್ಮನೇಪದವು ಪರಸ್ಮೈಪದಕ್ಕಿಂತ ಕೀಳೆಂದು ಯಾವ ಶಾಸ್ತ್ರಕಾರನೂ ಹೇಳಲಿಲ್ಲ. ಬಾಂದಾರದ ಫಲವು ಊರನ್ನು ಸೇರಿತು. ಓಟದ ಫಲವು ಓಡುವವನಲ್ಲಿಯೇ ನಿಲ್ಲುತ್ತದೆ. ಸೋಮಾರಿತನವನ್ನು ಗೆಲ್ಲುವುದು, ದಣಿವನ್ನು ಸಹಿಸುವುದು, ಇಂದಿನ ನೋವನ್ನು ನಾಳೆಯ ಬಲಕ್ಕೆ ಹೂಡುವುದು, ಇವೆಲ್ಲ ಅಲ್ಲಿ ಕಲಿತ ವಿದ್ಯೆಗಳು. ಇಷ್ಟರಿಂದ ವ್ಯರ್ಥತೆಯ ಆಕ್ಷೇಪವು ಬಿದ್ದುಹೋಗುತ್ತದೆ.

ಆದರೆ ಓಟದ ಪಕ್ಷದವರು ಇಷ್ಟಕ್ಕೆ ನಿಲ್ಲುವುದಿಲ್ಲ. ಸ್ವಶ್ರೇಷ್ಠದ ಬೆನ್ನು ಹತ್ತುವುದು ಉಳಿದೆಲ್ಲ ಸ್ಪರ್ಧೆಗಳಿಗಿಂತ ನಿರ್ಮಲವಾದುದೆಂದು ಸಾಧಿಸಬಯಸುತ್ತಾರೆ. ಪರರೊಡನೆ ಸ್ಪರ್ಧಿಸಿದರೆ ಮಾತ್ಸರ್ಯ ಹುಟ್ಟುತ್ತದೆ. ಮುಧೋಳದಲ್ಲಿ ಹುಟ್ಟಿದ ಕವಿ ರನ್ನನು ‘ಗದಾಯುದ್ಧ’ದಲ್ಲಿ ಚಿತ್ರಿಸಿದ ದುರ್ಯೋಧನನಿಗೆ ಛಲವೇ ಪ್ರಾಣ, ಎದುರಿಗೆ ಪಾಂಡವರಿಲ್ಲದಿದ್ದರೆ ಆ ಛಲಕ್ಕೆ ನೆಲೆಯೇ ಇಲ್ಲ. ತನ್ನೊಡನೆ ತಾನೇ ಸ್ಪರ್ಧಿಸುವವನಿಗೆ ಶತ್ರುವೆಲ್ಲಿ? ಶತ್ರುವಿಲ್ಲದೆಡೆ ಮತ್ಸರವೆಲ್ಲಿ?

ಮಾತು ಸೊಗಸಾಗಿದೆ, ಪೂರ್ಣಸತ್ಯವಾಗಿಲ್ಲ. ನಮ್ಮ ನೇಕಾರನು ಈ ಸಲದ ಪಂದ್ಯದಲ್ಲಿ 46 ನಿಮಿಷ 20 ಸೆಕೆಂಡಿಗೆ ಗೆರೆ ದಾಟಿದನೆನ್ನಿರಿ. ಎಷ್ಟೋ ಜನರು ಅವನ ಹಿಂದೆ ಬರುತ್ತಿದ್ದಾರೆ. ನಿಂತವರು ಚಪ್ಪಾಳೆ ತಟ್ಟುತ್ತಿದ್ದಾರೆ. ಆದರೂ ಅವನ ಮುಖವು ಬಾಡುತ್ತದೆ. ಏಕೆಂದರೆ ಹೋದ ವರ್ಷದ ತಾನು ಇಪ್ಪತ್ತು ಸೆಕೆಂಡು ಮೊದಲೇ ಅಲ್ಲಿಗೆ ಮುಟ್ಟಿದ್ದನು. ಇದು ಮತ್ಸರವಲ್ಲದೆ ಮತ್ತೇನು? ಹಳೆಯ ತಾನೂ ಒಂದು ಬಗೆಯಲ್ಲಿ ಪರನೇ ಸರಿ. ಅಷ್ಟೇ ಅಲ್ಲ, ಹೊರಗಿನ ಪ್ರತಿಸ್ಪರ್ಧಿಯಿಂದ ಬಿಡುಗಡೆಯ ಮಾರ್ಗಗಳುಂಟು. ಅವನು ಊರು ಬಿಟ್ಟು ಹೋಗಬಹುದು, ಮಿತ್ರನಾಗಬಹುದು, ಕಡೆಗೆ ಅವನೂ ಮುದುಕನಾಗುವನು. ಹಳೆಯ ತಾನು ಮಾತ್ರ ಮುದುಕನಾಗುವುದಿಲ್ಲ; ಬರೆದಿಟ್ಟ ಅಂಕಿಯಲ್ಲಿ ಅವನು ನಿತ್ಯತರುಣನು.

ಇನ್ನು ಆ ಅಂಕಿಯಾದರೂ ಎಷ್ಟು ನಂಬತಕ್ಕದ್ದು? ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ದೃಷ್ಟಾಂತವು ಇಲ್ಲಿ ಬೋಧಪ್ರದವಾಗಿದೆ. ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಬರಿಗಾಲಿನಿಂದ ಓಡುವ ಒಕ್ಕಲಮಕ್ಕಳನ್ನು ಕಂಡು ಮೆಚ್ಚಿದ ಸರ್ ದೋರಾಬಜಿ ತಾತಾ ಅವರು ಭಾರತದ ಒಂದು ಚಿಕ್ಕ ತಂಡವನ್ನು ಒಲಿಂಪಿಕ್ ಪಂದ್ಯಗಳಿಗೆ ಕಳುಹುವ ಏರ್ಪಾಡು ಮಾಡಿದರು. ಆ ತಂಡದಲ್ಲಿ ಹೊರಟ ಚೌಗುಲೆಯವರು 1920ರ ಆಗಸ್ಟ್ 22ರಂದು ಬೆಲ್ಜಿಯಂ ದೇಶದ ಆಂಟವರ್ಪಿನಲ್ಲಿ ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಮೊದಲಿಗನಾದ ಫಿನ್ಲೆಂಡಿನ ಕೊಲೆಹ್ಮೈನನ್ ಎಂಬವನ ಕಾಲವು 2 ಗಂಟೆ 32 ನಿಮಿಷ 35.8 ಸೆಕೆಂಡು. ಅಂದಿನ ದಾರಿಯ ಉದ್ದವು 42.75 ಕಿಲೋಮೀಟರು. ಮ್ಯಾರಥಾನಿನ ದೂರವು 42.195 ಕಿಲೋಮೀಟರೆಂದು ಸ್ಥಿರಪಟ್ಟುದು 1921ರಲ್ಲಿ. ಅದೇ ವೇಗದಿಂದ ಈಗಿನ ದೂರವನ್ನು ಓಡಿದ್ದರೆ ಚೌಗುಲೆಯವರ ಕಾಲವು ಸುಮಾರು ಎರಡೂಕಾಲು ನಿಮಿಷ ಕಡಿಮೆಯಾಗುತ್ತಿತ್ತು. ಓಡಿದ ಕಾಲುಗಳು ಅವೇ, ಓಡಿದ ಮನಸ್ಸೂ ಅದೇ. ದಾರಿ ಬೇರೆಯಾದರೆ ಅಂಕಿ ಬೇರೆ. ನೇಕಾರನ ವಿಷಯದಲ್ಲಿಯೂ ಹೀಗೆಯೇ. ಬೀಳಗಿಯ ವೈಶಾಖದ ಬಿಸಿಲಿನಲ್ಲಿ ಬಂದ 47 ನಿಮಿಷವು ಪುಷ್ಯಮಾಸದ ಚಳಿಯಲ್ಲಿ ಬಂದ 46ಕ್ಕಿಂತ ಹಿರಿದಾಗಿರಬಹುದು. ಈಚೆಗೆ ಪೇಟೆಗೆ ಬಂದ, ಒಳಗೆ ಇಂಗಾಲದ ಫಲಕವಿರುವ ಬೆಲೆಯುಳ್ಳ ಬೂಟುಗಳು ಕಾಲವನ್ನು ಇನ್ನಷ್ಟು ಇಳಿಸುತ್ತವೆ. ಆ ಇಳಿತದಲ್ಲಿ ‘ಸ್ವ’ವೆಷ್ಟು, ಬೂಟೆಷ್ಟು?

ಆದರೂ ಅಂಕಿಯನ್ನು ತಿರಸ್ಕರಿಸತಕ್ಕದ್ದಲ್ಲ. ಮಿತ್ರರು ಮುಖಸ್ತುತಿ ಮಾಡಿಯಾರು, ಮನಸ್ಸು ತನಗೆ ತಾನೇ ಸುಳ್ಳು ಹೇಳಿಕೊಂಡೀತು, ಗಡಿಯಾರವು ಹೇಳದು. ಅಂಕಿಯು ಒಳ್ಳೆಯ ಸಾಕ್ಷಿ. ಸಾಕ್ಷಿಯು ಕಂಡಷ್ಟನ್ನು ನುಡಿಯಬೇಕು. ತೀರ್ಪು ಕೊಡುವುದು ಅದರ ಅಧಿಕಾರವಲ್ಲ. ಸಾಕ್ಷಿಯನ್ನೇ ನ್ಯಾಯಾಧೀಶನ ಪೀಠದಲ್ಲಿ ಕುಳ್ಳಿರಿಸಿದಾಗ ಅನರ್ಥವು ಮೊದಲಾಗುತ್ತದೆ. ಆಗ ಮೊಣಕಾಲ ನೋವನ್ನು ವೈದ್ಯನಿಂದಲೂ ಬಚ್ಚಿಡುತ್ತಾನೆ. ಮಗುವಿಗೆ ಜ್ವರ ಬಂದರೆ ಮಗುವಿನ ಚಿಂತೆಗಿಂತ ಮೊದಲು ನಾಳಿನ ಅಭ್ಯಾಸ ತಪ್ಪಿತಲ್ಲಾ ಎಂಬ ಕಸಿವಿಸಿ ಏಳುತ್ತದೆ. ಅವನು ಓಡುವ ನಸುಕಿನ ಹಿಂದೆ ಮನೆಯಲ್ಲಿ ಮತ್ತೊಬ್ಬರ ನಸುಕೂ ಇರುತ್ತದೆ; ಅವನಿಗಾಗಿ ಬೇಗನೆ ಎದ್ದು ನೀರು ಕಾಯಿಸಿ ರೊಟ್ಟಿ ಬಡಿಯುವ ಹೆಂಡತಿಯ ಶ್ರಮವನ್ನು ಯಾವ ಗಡಿಯಾರವೂ ಅಳೆಯುವುದಿಲ್ಲ. ಆತ್ಮನೇಪದದ ಕ್ರಿಯೆಗೆ ಬೆಲೆಯನ್ನು ಪರರು ತೆರುತ್ತಿದ್ದಾರೆಯೆ ಎಂಬುದು ಇಲ್ಲಿಯ ನಿಜವಾದ ಧರ್ಮಪ್ರಶ್ನೆ. ಮಗ್ಗದ ಹಾಸು ಬಿಗಿಯಾಗಿರಬೇಕೆಂಬುದನ್ನು ನೇಕಾರನು ಬಲ್ಲನು. ಬಿಗಿ ಮಿತಿಮೀರಿದರೆ ಎಳೆ ಹರಿಯುವುದೆಂಬುದನ್ನೂ ಬಲ್ಲನು. ತನ್ನ ಕಸುಬಿನ ಈ ವಿವೇಕವನ್ನು ಅವನು ದಾರಿಗೂ ಕೊಂಡೊಯ್ಯಬೇಕು.

ಇದಕ್ಕಿಂತ ಕಠಿನವಾದ ಪರೀಕ್ಷೆಯು ಮುಂದಿದೆ. ಶಿವನಾಥ ಸಿಂಗರು 1978ರಲ್ಲಿ ಜಾಲಂಧರದಲ್ಲಿ ಮ್ಯಾರಥಾನನ್ನು 2 ಗಂಟೆ 12 ನಿಮಿಷಗಳಲ್ಲಿ ಓಡಿದರು. ಆ ಬಳಿಕ ನಾಲ್ಕು ದಶಕಗಳಿಗೂ ಮಿಕ್ಕಿ ಯಾವ ಭಾರತೀಯನೂ ಅದನ್ನು ಮೀರಿಸಲಿಲ್ಲ. ದೇಶದ ದಾಖಲೆಯಾದರೆ ಎಂದಾದರೂ ಇನ್ನೊಬ್ಬನು ಅದನ್ನು ಮುಂದೊಯ್ಯಬಹುದೆಂಬ ಆಶೆಯುಂಟು. ಸ್ವಶ್ರೇಷ್ಠಕ್ಕೆ ಆ ಆಶೆಯಿಲ್ಲ. ಅದನ್ನು ಮುರಿಯಬಲ್ಲವನು ಒಬ್ಬನೇ, ಅವನಿಗೋ ವಯಸ್ಸಾಗುತ್ತಿದೆ. ಹೃದಯ, ಶ್ವಾಸಕೋಶ, ಸ್ನಾಯುಗಳ ಬಲವು ವರ್ಷವರ್ಷಕ್ಕೂ ಇಳಿಯುತ್ತದೆ. ಅಭ್ಯಾಸವು ಆ ಇಳಿತವನ್ನು ನಿಧಾನಗೊಳಿಸಬಲ್ಲುದು, ನಿಲ್ಲಿಸಲಾರದು. ಒಂದು ದಿನ ನೇಕಾರನು ತನ್ನ ಶ್ರೇಷ್ಠವಾದ ಓಟವನ್ನು ಓಡಿರುತ್ತಾನೆ. ಅದು ಕಡೆಯದೆಂದು ಆ ದಿನ ಅವನಿಗೆ ತಿಳಿದಿರುವುದಿಲ್ಲ. ಯಯಾತಿಯು ಈ ಸಂಕಟವನ್ನು ಸಹಿಸದೆ ಮಗನಾದ ಪೂರುವಿನ ಯೌವನವನ್ನು ಬೇಡಿ ಪಡೆದನು. ಸಾವಿರ ವರ್ಷ ಭೋಗಿಸಿಯೂ ತೃಪ್ತಿಯಾಗದೆ, ತೃಪ್ತಿಯು ಆ ದಾರಿಯಲ್ಲಿ ಇಲ್ಲವೆಂದು ಅರಿತು, ಯೌವನವನ್ನು ಮಗನಿಗೆ ಹಿಂದಿರುಗಿಸಿದನು. ನಿಷಿದ್ಧವಾದ ಔಷಧಗಳಿಂದ ಬಲವನ್ನು ಸಾಲ ತರುವ ಇಂದಿನ ಓಟಗಾರನು ಯಯಾತಿಯ ವಂಶದವನೇ. ಹಿಂದಿರುಗಿಸುವ ವಿವೇಕವೊಂದನ್ನು ಮಾತ್ರ ಅವನು ಕಲಿತಿಲ್ಲ.

ಹಾಗಾದರೆ ಸಿದ್ಧಾಂತವೇನು? ಮನೋನಿಗ್ರಹಕ್ಕೆ ಅಭ್ಯಾಸ, ವೈರಾಗ್ಯಗಳೆಂಬ ಎರಡು ಸಾಧನಗಳನ್ನು ಭಗವದ್ಗೀತೆಯೂ ಪತಂಜಲಿಯ ಯೋಗಸೂತ್ರವೂ ಒಟ್ಟಿಗೆ ಹೇಳಿವೆ. ಓಟಗಾರನಿಗೆ ಮೊದಲನೆಯದು ತಾನಾಗಿಯೇ ಒದಗಿ ಬಂದಿದೆ. ಎರಡನೆಯದಿಲ್ಲದೆ ಮೊದಲನೆಯದು ವ್ಯಸನವಾಗುತ್ತದೆ. ವೈರಾಗ್ಯವೆಂದರೆ ಓಟವನ್ನು ಬಿಡುವುದಲ್ಲ, ಮೆಲ್ಲಗೆ ಓಡುವುದೂ ಅಲ್ಲ. ಪೂರ್ಣಬಲದಿಂದ ಓಡಿ, ಬಂದ ಅಂಕಿಯನ್ನು ಸಾಕ್ಷಿಯ ಮಾತಾಗಿ ಕೇಳಿ, ಮನೆಗೆ ಬಂದು ಮಗ್ಗದ ಮುಂದೆ ಸಮಾಧಾನದಿಂದ ಕೂಡುವುದು ವೈರಾಗ್ಯ. ಐವತ್ತರ ವಯಸ್ಸಿನಲ್ಲಿ 55 ನಿಮಿಷಕ್ಕೆ ಗೆರೆ ದಾಟಿ, 46ಕ್ಕೆ ದಾಟಿದ ಆ ಹಳೆಯ ತರುಣನನ್ನು ಮತ್ಸರವಿಲ್ಲದೆ, ತಮ್ಮನನ್ನೋ ಮಗನನ್ನೋ ನೆನೆದಂತೆ, ಪ್ರೀತಿಯಿಂದ ನೆನೆಯಬಲ್ಲವನು ಈ ಪಂಥವನ್ನು ಗೆದ್ದನು. ಹಾಗೆ ನೆನೆಯಲಾರದವನು ಎಷ್ಟು ಬೇಗ ಓಡಿದ್ದರೂ ಸೋತನು. ಸ್ವಶ್ರೇಷ್ಠವು ಮುಂದೆ ಇರುವಾಗ ಎಲ್ಲರೂ ಹುರುಪಿನಿಂದ ಓಡುವರು. ಅದು ಹಿಂದೆ ಉಳಿದ ಮೇಲೆಯೂ ನಸುಕಿನಲ್ಲಿ ಎದ್ದು ಸಂತೋಷದಿಂದ ಓಡುವವನ ಶ್ರಮವು ಶ್ಲಾಘ್ಯವೆಂಬುದೇ ಈ ವಿಚಾರದ ಫಲಿತಾರ್ಥವು.