ಹೆಗಲು ತಾಳುವ ಕೋವಿ

ಅಮೆರಿಕದ ಹಳ್ಳಿಗಾಡಿನಲ್ಲಿ ನವೆಂಬರ್ ಬಂತೆಂದರೆ ಜಿಂಕೆ ಬೇಟೆಯ ಕಾಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಹಳೆಯ ಕಥೆಯಾಯಿತು. ಅಲ್ಲಿ ಎಷ್ಟೋ ಕುಟುಂಬಗಳು ಪರವಾನಗಿ ಪಡೆದು, ಚಳಿಗಾಲಕ್ಕೆ ಬೇಕಾದ ಮಾಂಸವನ್ನು ಹೀಗೆಯೇ ಕೂಡಿಡುತ್ತವೆ. ಹೊಸದಾಗಿ ರೈಫಲ್ ಕೊಳ್ಳುವವರು ಬಹಳ ಸಲ ದೊಡ್ಡದಕ್ಕೇ ಕೈಹಾಕುತ್ತಾರೆ. ಬಲ ಹೆಚ್ಚಿದ್ದರೆ ಪ್ರಾಣಿ ಬೇಗ ಬಿದ್ದೀತು ಎಂಬ ಲೆಕ್ಕ. ಮನೆಗೆ ಸಾಮಾನು ತರುವಾಗ ನಾವೂ ಹಾಗೆಯೇ, ಸ್ವಲ್ಪ ದೊಡ್ಡದೇ ಇರಲಿ ಎನ್ನುತ್ತೇವೆ.

ಗುಂಡು ಮುಂದಕ್ಕೆ ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಗುಂಡಿನ ತೂಕ, ಮದ್ದು ಹೆಚ್ಚಿದಷ್ಟೂ, ಕೋವಿ ಹಗುರವಾದಷ್ಟೂ ಒದೆ ಜೋರು. ಹೆಗಲಿನ ನೋವು ಒಂದೆರಡು ದಿನದ್ದು. ಆದರೆ ನಾಲ್ಕು ಸಲ ಒದೆ ತಿಂದ ದೇಹ ಐದನೆಯ ಸಲ ಮೊದಲೇ ಬೆದರುತ್ತದೆ. ಟ್ರಿಗರ್ ಎಳೆಯುವ ಕ್ಷಣಕ್ಕೆ ಕಣ್ಣು ಮುಚ್ಚಿ, ಹೆಗಲು ಬಿಗಿದಿರುತ್ತದೆ. ಇದನ್ನು ಬಯಲಿಗೆ ತರಲು ಗುರಿ ಕಲಿಸುವವರು ಒಂದು ಹಳೆಯ ಉಪಾಯ ಮಾಡುತ್ತಾರೆ. ಕಲಿಯುವವರಿಗೆ ತಿಳಿಯದಂತೆ ನಡುವೆ ಮದ್ದಿಲ್ಲದ ತೋಟಾ ಒಂದನ್ನು ತುಂಬಿ ಕೊಡುತ್ತಾರೆ. ಟ್ರಿಗರ್ ಎಳೆದರೆ ‘ಟಕ್’ ಎಂಬ ಸದ್ದಷ್ಟೇ. ಒದೆಯೇ ಇಲ್ಲ, ಆದರೂ ನಳಿಗೆಯ ತುದಿ ಕೆಳಕ್ಕೆ ಕುಸಿದಿರುತ್ತದೆ!

ಈ ಅಂಜಿಕೆಗೆ ಬೆಲೆ ತೆರುವುದು ಜಿಂಕೆ. ಮುಂಗಾಲಿನ ಹಿಂದೆ, ಹೃದಯ ಶ್ವಾಸಕೋಶಗಳಿರುವ ಕಡೆ ಗುಂಡು ಬಿದ್ದರೆ ಅದು ಬೇಗ ಸಾಯುತ್ತದೆ. ಹೊಟ್ಟೆಗೆ ತಗುಲಿದರೆ, ಗುಂಡು ಎಷ್ಟೇ ದೊಡ್ಡದಾಗಿರಲಿ, ಪೊದೆ ಸೇರಿ ಗಂಟೆಗಟ್ಟಲೆ ನರಳುತ್ತದೆ. ಆದ್ದರಿಂದಲೇ ಸಾಧಾರಣ ಬಲದ ಕೋವಿಯನ್ನು ಆರಿಸುವುದರಲ್ಲಿ ಕರುಣೆಯಿದೆ ಎಂದು ನಾನು ನಂಬುತ್ತೇನೆ. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕಾಗಿ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಬಹುಮಾನವಾಗಿ ಬಂದ .275 ರಿಗ್ಬಿ ಕೂಡ ಇಂಥದೇ ಸೌಮ್ಯ ರೈಫಲ್. 1926ರಲ್ಲಿ ರುದ್ರಪ್ರಯಾಗದ ಚಿರತೆಗೆ ಗುರಿಯಿಟ್ಟದ್ದೂ ಅದರಿಂದಲೇ.

ಹಾಗೆಂದು ತೀರಾ ಸಣ್ಣದೂ ಸಲ್ಲದು. ಕೊಲರಾಡೊ ರಾಜ್ಯದಲ್ಲಿ ಜಿಂಕೆಗೆ .24ಕ್ಕಿಂತ ಕಿರಿದಾದ ಕ್ಯಾಲಿಬರ್‌ ಬಳಸುವಂತಿಲ್ಲ. ಆ ಮಿತಿಗೆ ಸ್ವಲ್ಪ ಮೇಲಿನದು 1955ರಲ್ಲಿ ಬಂದ .243 ವಿಂಚೆಸ್ಟರ್. ಒಂದೇ ತೂಕದ ಕೋವಿಯಲ್ಲಿ ಅದರ ಒದೆ, 1906ರಿಂದ ಬಳಕೆಯಲ್ಲಿರುವ .30-06ರ ಅರ್ಧದಷ್ಟೂ ಇಲ್ಲ. ಜಿಂಕೆಗೆ ಅದು ಸಾಕು. ಆ ದೇಶದಲ್ಲಿ ನೆಲೆಸಿದ ನಿಮ್ಮ ಬಂಧುಗಳು ಯಾರಾದರೂ ಕೋವಿ ಕೊಳ್ಳಲು ಹೊರಟಿದ್ದರೆ ಇಷ್ಟು ಹೇಳಿ: ಕೊಳ್ಳುವ ಮುನ್ನ ಶೂಟಿಂಗ್ ರೇಂಜಿಗೆ ಹೋಗಿ, ಅಂಥದೇ ಕೋವಿಯಿಂದ ಇಪ್ಪತ್ತು ಗುಂಡು ಹಾರಿಸಿ ನೋಡಲಿ. ಕೊನೆಯ ಗುಂಡೂ ಮೊದಲಿನದರ ಪಕ್ಕದಲ್ಲೇ ಬಿದ್ದರೆ ಅದನ್ನೇ ಕೊಳ್ಳಲಿ.